ಸರದಿಗೆ ಹೋದವರ ಮನೆಯ ಬಿಸಿನೀರು

ಎರಡು ಸಾವಿರದ ಇಪ್ಪತ್ತಮೂರರಲ್ಲಿ ನಾನು ಹೊಳೆನರಸೀಪುರದಲ್ಲಿ ಗೀಸರ್ ಮತ್ತು ಸೋಲಾರ್ ರಿಪೇರಿ ಕೆಲಸ ಮಾಡಿಕೊಂಡಿದ್ದೆ. ಈಗಲೂ ಅದನ್ನೇ ಮಾಡುತ್ತಿದ್ದೇನೆ. ಅದಕ್ಕೂ ಮುಂಚೆ ಹಾಸನದ ಒಬ್ಬ ಡೀಲರ್ ಹತ್ತಿರ ಫಿಟ್ಟರ್ ಆಗಿದ್ದೆ. ಚಿಕ್ಕಂದಿನಲ್ಲಿ ಸ್ಕೂಲು ಬಿಟ್ಟವನು ನಾನು. ಮದುವೆಯಾದ ಮೇಲೆ ಎಸ್ಸೆಸ್ಸೆಲ್ಸಿ ಕಟ್ಟಿ ಪಾಸು ಮಾಡಿದೆ, ಆಮೇಲೆ ಐಟಿಐ ಮುಗಿಸಿದೆ. ಹಾಗಾಗಿ ಕೆಲಸ ಮೊದಲು ಕೈಗೆ ಬಂತು, ಅದರ ಹೆಸರುಗಳು ಆಮೇಲೆ ಬಂದವು.

ನನ್ನನ್ನು ಕರೆಯುವವರಲ್ಲಿ ಹೆಚ್ಚಿನವರು ಹೇಳುವುದು ಒಂದೇ ಮಾತು, ಬಿಸಿನೀರು ಬರುತ್ತಿಲ್ಲ ಅಂತ. ನಾವು ನಾಲ್ಕು ತಿಂಗಳು ಊರಲ್ಲಿ ಇರುವುದಿಲ್ಲ, ಗೀಸರನ್ನು ಏನು ಮಾಡಿ ಹೋಗಬೇಕು ಎಂದು ಕೇಳುವವರು ಅಪರೂಪ. ಮನೆಗೆ ಬೀಗ ಹಾಕುವಾಗ ಜನ ಬೇಳೆ, ಹಿಟ್ಟು, ಬೀರುವಿನ ಬಗ್ಗೆ ಯೋಚನೆ ಮಾಡುತ್ತಾರೆ. ಮೇನ್ ಸ್ವಿಚ್ ಇಳಿಸಿದರೆ ಗೀಸರಿನ ಕಥೆ ಮುಗಿಯಿತು ಅಂದುಕೊಳ್ಳುತ್ತಾರೆ. ಅಷ್ಟಕ್ಕೇ ಮುಗಿಯುವುದಿಲ್ಲ ಎನ್ನುವುದನ್ನು ಹೇಳಲು ನಾನು ಚಂದ್ರಶೇಖರಯ್ಯನವರ ಮನೆಯ ವಿಚಾರ ಬರೆಯುತ್ತಿದ್ದೇನೆ.

ಚಂದ್ರಶೇಖರಯ್ಯನವರು ಅರ್ಚಕರು. ಅವರದು ಮೂವರು ಅಣ್ಣತಮ್ಮಂದಿರ ಮನೆತನ. ಅರಕಲಗೂಡು ಕಡೆಯ ಒಂದು ಹಳ್ಳಿಯಲ್ಲಿ ಅವರ ವಂಶದವರು ಪೂಜೆ ಮಾಡುವ ಈಶ್ವರನ ಗುಡಿ ಇದೆ. ಪೂಜೆ ಮೂವರಿಗೂ ಸೇರಿದ್ದರಿಂದ ವರ್ಷವನ್ನು ಮೂರು ಪಾಲು ಮಾಡಿ, ಒಬ್ಬೊಬ್ಬರು ನಾಲ್ಕು ತಿಂಗಳ ಹಾಗೆ ಸರದಿ ಇಟ್ಟುಕೊಂಡಿದ್ದಾರೆ. ಸರದಿ ಬಂದವರು ಹೆಂಡತಿಯ ಜೊತೆ ಗುಡಿಯ ಪಕ್ಕದ ಮನೆಯಲ್ಲೇ ಇರಬೇಕು. ರಾತ್ರಿ ಬೇರೆ ಊರಿನಲ್ಲಿ ಮಲಗುವಂತಿಲ್ಲ. ನೈವೇದ್ಯದ ಅಡುಗೆ ಹೆಂಗಸರದು. ಚಂದ್ರಶೇಖರಯ್ಯನವರ ಸರದಿ ಶಿವರಾತ್ರಿಗೆ ಸ್ವಲ್ಪ ಮುಂಚೆ ಶುರುವಾಗಿ ಬೇಸಿಗೆ ಮುಗಿಯುವವರೆಗೆ ಇರುತ್ತದೆ. ಅಷ್ಟು ಕಾಲ ಹೊಳೆನರಸೀಪುರದ ಮನೆಗೆ ಬೀಗ.

ಹಿಂದಿನ ವರ್ಷ ಅವರು ಹಾಗೇ ಬೀಗ ಹಾಕಿ ಹೋಗಿದ್ದರು. ವಾಪಸ್ಸು ಬಂದು ಗೀಸರ್ ಹಾಕಿದಾಗ ಮೊಟ್ಟೆ ಕೊಳೆತ ಹಾಗೆ ವಾಸನೆ ಬಂದಿತ್ತು. ನಮ್ಮ ಕಡೆ ಬೋರ್‌ವೆಲ್ ನೀರು ಗಡಸು. ಅದು ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ನಿಂತರೆ ನೀರು ಕಾಯಿಸುವ ಕಾಯಿಲ್ ಮೇಲೆ ಸುಣ್ಣದ ಪದರ ಕಟ್ಟುತ್ತದೆ, ಟ್ಯಾಂಕಿನ ಒಳಗೆ ತುಕ್ಕು ತಡೆಯಲು ಇಟ್ಟಿರುವ ಲೋಹದ ಕಡ್ಡಿಯೂ ಕರಗಿಹೋಗುತ್ತದೆ. ನಾನೇ ಹೋಗಿ ಆ ಕಾಯಿಲ್ ಬದಲಾಯಿಸಿದ್ದೆ. ಅದಕ್ಕೇ ಈ ಸಲ ಅರ್ಚಕರ ಹೆಂಡತಿ ಶಾಂತಮ್ಮನವರು ಹೊರಡುವ ಎರಡು ದಿನ ಮುಂಚೆಯೇ ನನ್ನನ್ನು ಕರೆಸಿದರು.

"ರಂಗಸ್ವಾಮಿ, ಹೋದ ಸಲದ ವಾಸನೆ ಈ ಸಲ ಬಂದ್ರೆ ನಿನ್ನನ್ನೇ ಆ ನೀರಲ್ಲಿ ಸ್ನಾನ ಮಾಡಿಸ್ತೀನಿ ನೋಡು."

"ಮಾಡ್ಸಿ ಅಮ್ಮಾರೆ. ನಮ್ಮನೇಲಿ ಸೋಪೂ ಉಳೀತದೆ" ಅಂದೆ.

ಅವರ ಮನೆಯಲ್ಲಿ ಬಿಸಿನೀರಿಗೆ ಎರಡು ದಾರಿ ಇದ್ದವು. ಬಚ್ಚಲುಮನೆಯ ಗೋಡೆಯ ಮೇಲೆ ಇಪ್ಪತ್ತೈದು ಲೀಟರಿನ ಕರೆಂಟ್ ಗೀಸರ್ ಒಂದು. ತಾರಸಿಯ ಮೇಲೆ ನೂರೈವತ್ತು ಲೀಟರಿನ ಸೋಲಾರ್ ಇನ್ನೊಂದು. ಎರಡಕ್ಕೂ ಬಚ್ಚಲಿನಲ್ಲಿ ಬೇರೆ ಬೇರೆ ನಲ್ಲಿ. ಎರಡೂ ನೀರನ್ನೇ ಕಾಯಿಸುತ್ತವೆ, ಆದರೆ ಮನೆ ಬಿಟ್ಟು ಹೋಗುವಾಗ ಎರಡಕ್ಕೂ ಮಾಡಬೇಕಾದ್ದು ತದ್ವಿರುದ್ಧ. ಓದುವವರಿಗೆ ಇದೊಂದು ತಿಳಿದರೆ ಸಾಕು.

ಕರೆಂಟ್ ಗೀಸರನ್ನು ಖಾಲಿ ಮಾಡಿ ಹೋಗಬೇಕು. ಮೊದಲು ಅದರ ಎಂಸಿಬಿ ಸ್ವಿಚ್ ಇಳಿಸಬೇಕು. ಒಳಗಿನ ನೀರು ಆರುವವರೆಗೆ ಕಾಯಬೇಕು. ತಣ್ಣೀರು ಒಳಗೆ ಹೋಗುವ ವಾಲ್ವ್ ಮುಚ್ಚಬೇಕು. ಬಿಸಿನೀರಿನ ನಲ್ಲಿ ತೆರೆದಿಟ್ಟು, ಕೆಳಗಿರುವ ಸೇಫ್ಟಿ ವಾಲ್ವಿನ ಪುಟ್ಟ ಹಿಡಿಯನ್ನು ಎತ್ತಿದರೆ ಮೇಲಿನಿಂದ ಗಾಳಿ ಸೇರಿ ಕೆಳಗಿನಿಂದ ನೀರೆಲ್ಲ ಇಳಿಯುತ್ತದೆ. ವಾಪಸ್ಸು ಬಂದಾಗ ಮೊದಲು ನೀರು ತುಂಬಬೇಕು. ನಲ್ಲಿಯಲ್ಲಿ ನೀರು ಎಡೆಬಿಡದೆ ಬಂದ ಮೇಲೆ ಮಾತ್ರ ಸ್ವಿಚ್. ಖಾಲಿ ಗೀಸರಿಗೆ ಸ್ವಿಚ್ ಹಾಕಿದರೆ ಕಾಯಿಲ್ ಸುಟ್ಟುಹೋಗುತ್ತದೆ.

ಸೋಲಾರಿನದು ಬೇರೆ. ಅದಕ್ಕೆ ಸ್ವಿಚ್ ಇಲ್ಲ, ಸೂರ್ಯನನ್ನು ಆಫ್ ಮಾಡುವವರು ಯಾರು? ಅವರ ಮನೆಯದು ಗಾಜಿನ ಟ್ಯೂಬಿನ ಸೋಲಾರ್. ಎರಡು ಪದರದ ಉದ್ದನೆಯ ಗಾಜಿನ ಕೊಳವೆಗಳು ಇಳಿಜಾರಾಗಿ ಮಲಗಿರುತ್ತವೆ, ಅವುಗಳ ತಲೆ ಮೇಲಿನ ಟ್ಯಾಂಕಿನ ಹೊಟ್ಟೆಗೆ ಸೇರಿರುತ್ತದೆ. ಒಳಗೆ ನೀರು ಇರುವಷ್ಟು ದಿನ ನೀರೇ ಬಿಸಿಯನ್ನು ಎಳೆದುಕೊಳ್ಳುತ್ತದೆ. ನೀರು ಒಣಗಿದರೆ ಬೇಸಿಗೆಯ ಬಿಸಿಲಿನಲ್ಲಿ ಟ್ಯೂಬಿನ ಒಳಭಾಗ ಇನ್ನೂರು ಡಿಗ್ರಿ ದಾಟಬಹುದು. ಅಂಥ ಗಾಜಿಗೆ ತಣ್ಣೀರು ತಗುಲಿದರೆ ಸಿಡಿಯುತ್ತದೆ. ಅದಕ್ಕೆ ಸೋಲಾರನ್ನು ತುಂಬಿಸಿಟ್ಟು, ಅದಕ್ಕೆ ನೀರು ಕೊಡುವ ಮೇಲಿನ ಟ್ಯಾಂಕನ್ನೂ ತುಂಬಿಸಿಟ್ಟು, ಟ್ಯೂಬಿಗೆ ಬಿಸಿಲು ಬೀಳದ ಹಾಗೆ ಹೊದಿಕೆ ಹಾಕಿ ಹೋಗಬೇಕು.

ಎಲ್ಲವನ್ನೂ ಮಾಡಿದೆ. ಗೀಸರ್ ಖಾಲಿ ಮಾಡಿದೆ. ಸೋಲಾರಿಗೆ ಹೊದಿಸಲು ಹಳೇ ಬಟ್ಟೆ ಕೇಳಿದಾಗ ಶಾಂತಮ್ಮನವರು ಯಜಮಾನರ ಹಳೇ ಪಂಚೆಗಳನ್ನು ಜೋಡಿಸಿ ಹೊಲಿದು ಕೊಟ್ಟರು. ಸೋಲಾರಿನ ಉರುಟು ಟ್ಯಾಂಕಿನಿಂದ ಕೆಳಗಿನ ಕಾಲಿನವರೆಗೆ ಬಿಳಿ ಪಂಚೆ ಹೊದಿಸಿ ತೆಂಗಿನ ನಾರಿನ ಹಗ್ಗದಲ್ಲಿ ಮೂರು ಕಡೆ ಬಿಗಿದು ಕಟ್ಟಿದೆ. ಕೆಳಗೆ ಬಂದು ಇಬ್ಬರನ್ನೂ ನಿಲ್ಲಿಸಿಕೊಂಡು ಏನು ಮಾಡಬೇಕು, ಏನು ಮಾಡಬಾರದು ಎಲ್ಲ ಹೇಳಿದೆ. ಯಜಮಾನರು ಶ್ರದ್ಧೆಯಿಂದ ಕೇಳಿದರು. ಕೊನೆಗೆ, "ಇಷ್ಟು ಉಪಚಾರ ಈಶ್ವರನಿಗೂ ಇಲ್ಲ ಕಣಪ್ಪ" ಅಂದರು. ನಾನು ಕಾಫಿ ಕುಡಿದು ಬಂದೆ. ಕೆಲಸ ಚೆನ್ನಾಗಿ ಆಗಿದೆ ಎನ್ನುವ ಸಮಾಧಾನ ಇತ್ತು.

ಮೇ ತಿಂಗಳ ನಡುವೆ. ಬಿಸಿಲು ತಲೆ ಸುಡುತ್ತಿತ್ತು. ನಾನು ಮತ್ತು ನನ್ನ ಜೊತೆ ಕೆಲಸ ಮಾಡುವ ಮಂಜ ಚನ್ನರಾಯಪಟ್ಟಣದಲ್ಲಿ ಒಂದು ಹಾಸ್ಟೆಲಿನ ತಾರಸಿಯ ಮೇಲೆ ಪೈಪ್ ಹಾಕುತ್ತಿದ್ದೆವು. ಊಟಕ್ಕೆ ಇಳಿಯಬೇಕು ಅನ್ನುವಾಗ ಶಾಂತಮ್ಮನವರ ಫೋನು ಬಂತು. ಗುಡಿಯ ಮನೆಯಿಂದ ಮಾತಾಡುತ್ತಿದ್ದರು. ದನಿಯಲ್ಲಿ ಸಂತೋಷವೂ ಇತ್ತು, ಗಾಬರಿಯೂ ಇತ್ತು.

"ರಂಗಸ್ವಾಮಿ, ನಮ್ಮ ರಶ್ಮಿಗೆ ಮೊನ್ನೆ ಹೆಣ್ಣು ಮಗು ಆಯ್ತು ಕಣಪ್ಪ. ಡಾಕ್ಟ್ರು ಹೇಳಿದ ದಿನಕ್ಕಿಂತ ಮುಂಚೇನೇ ಆಗ್ಬಿಡ್ತು. ಹಾಸನದ ಆಸ್ಪತ್ರೆಯಿಂದ ಇವತ್ತು ಬಿಟ್ರು."

ರಶ್ಮಿ ಅವರ ಒಬ್ಬಳೇ ಮಗಳು. ಗಂಡನ ಜೊತೆ ಹಾಸನದಲ್ಲಿ ಬಾಡಿಗೆ ಮನೆಯಲ್ಲಿದ್ದಳು. ಸರದಿ ಮುಗಿಸಿ ತಾಯಿ ಬಂದ ಮೇಲೆ ಹೆರಿಗೆ ಎಂದು ಎಲ್ಲರೂ ಲೆಕ್ಕ ಹಾಕಿದ್ದರು, ಮಗು ಕಾಯಲಿಲ್ಲ. ಬಾಣಂತಿಯನ್ನು ಗುಡಿಯ ಮನೆಗೆ ಕರೆದುಕೊಳ್ಳುವ ಹಾಗಿಲ್ಲ. ಪುರುಡು, ಅಂದರೆ ಮಗು ಹುಟ್ಟಿದ ಮೈಲಿಗೆ, ಕಳೆಯುವವರೆಗೆ ಶಾಂತಮ್ಮನವರು ಬಾಣಂತಿಯ ಹತ್ತಿರ ಹೋಗುವ ಹಾಗೂ ಇಲ್ಲ. ಹೋದರೆ ನೈವೇದ್ಯದ ಅಡುಗೆ ನಿಲ್ಲುತ್ತದೆ, ಸರದಿ ತಪ್ಪುತ್ತದೆ. ಅದಕ್ಕೆ ಅರಕಲಗೂಡಿನಲ್ಲಿದ್ದ ಯಜಮಾನರ ಅಕ್ಕ ಸುಬ್ಬಲಕ್ಷ್ಮಮ್ಮನವರು ಬೀಗದ ಕೈ ತೆಗೆದುಕೊಂಡು ಹೊಳೆನರಸೀಪುರಕ್ಕೆ ಹೋಗಿದ್ದರು. ಅಳಿಯ ಹಾಸನದಿಂದ ತಾಯಿ ಮಗುವನ್ನು ಕಾರಿನಲ್ಲಿ ನೇರ ಅಲ್ಲಿಗೆ ಕರೆತರುತ್ತಿದ್ದರು.

"ಅಕ್ಕ ಈಗ ತಾನೆ ಬಾಗಿಲು ತೆಗೆದ್ರಂತೆ. ಸಾಯಂಕಾಲ ಎರಕೊಳ್ಳೋಕೆ ಬಿಸಿನೀರು ಬೇಕು. ಸಿಲಿಂಡರ್ ಬೇರೆ ಇಲ್ಲಿಗೆ ತಂದ್ಬಿಟ್ಟಿದೀವಿ. ನೀನು ಹೇಳಿದ್ಯಲ್ಲ, ಮೊದಲು ನೀರು ತುಂಬ್ಬೇಕು ಅಂತ. ಅದಕ್ಕೆ ಮೋಟ್ರು ಹಾಕಿ ಅಂದಿದೀನಿ. ಸರಿ ತಾನೆ?"

ಸರಿ ಅನ್ನಲು ಬಾಯಿ ತೆರೆದವನು ಸೋಲಾರಿನ ವಿಚಾರ ಕೇಳಿದೆ. "ಮ್ಯಾಲೆ ಒದ್ಸಿದ್ ಬಟ್ಟೆ ಅಂಗೇ ಐತಾ ಅಮ್ಮಾರೆ?"

ಅವರು ಮೆಲ್ಲಗೆ ಹೇಳಿದರು. "ಅದನ್ನ ಹೊರಡೋ ದಿನವೇ ತೆಗೆಸ್ಬಿಟ್ಟೆ ಕಣಪ್ಪ. ಬೆಳಿಗ್ಗೆ ಹಿತ್ತಲಿಗೆ ಬಂದು ತಲೆ ಎತ್ತಿ ನೋಡ್ತೀನಿ, ತಾರಸಿ ಮೇಲೆ ಬಿಳೀ ಬಟ್ಟೆ ಹೊದಿಸಿ ಹಗ್ಗ ಕಟ್ಟಿ ಉದ್ದಕ್ಕೆ ಮಲಗಿಸಿದ ಹಾಗೆ... ಬಿಡ್ತು ಅನ್ನು. ದೇವರ ಸರದಿಗೆ ಹೊರಟ ಮನೇಲಿ ಅದನ್ನ ನೋಡ್ಕೊಂಡು ಹೇಗೆ ಹೊಸ್ತಿಲು ದಾಟೋದು?"

ಅವರು ಹೇಳಿದ ಮೇಲೆ ನನ್ನ ಕಣ್ಣಿಗೂ ಅದು ಹಾಗೇ ಕಂಡಿತು. "ಮ್ಯಾಗಳ ಟ್ಯಾಂಕ್ ತುಂಬಿದ್ದು ಅಂಗೇ ಐತಾ, ಅದಾದ್ರೂ?" ಎಂದು ಕೇಳಿದೆ.

"ಯಜಮಾನ್ರು ಅದನ್ನ ಖಾಲಿ ಮಾಡಿ ತೊಳೆಸಿದ್ರು. ನಾಲ್ಕು ತಿಂಗಳು ನಿಂತ ನೀರು ಮಡಿಗೆ ಆಗಲ್ವಲ್ಲ, ಬಂದ ದಿನ ದೇವರ ಮನೆಗೆ ಹೊಸ ನೀರೇ ಬೇಕು ಅಂತ ನಲ್ಲಿಗಳನ್ನೆಲ್ಲ ಬಿಟ್ಟು, ನೀರೆಲ್ಲ ಹೋದ್ಮೇಲೆ ಮುಚ್ಚಿದ್ರು. ಸೋಲಾರಿಗೆ ಅದರದೇ ನೀರು ಇದೆಯಲ್ಲ ಅಂದ್ರು."

ನಲ್ಲಿಗಳನ್ನೆಲ್ಲ ಅಂದರೆ ಸೋಲಾರ್ ನಲ್ಲಿಯೂ ಸೇರಿತ್ತು. ಸೋಲಾರ್ ಟ್ಯಾಂಕಿನ ನೀರು ಅರ್ಧಕ್ಕಿಂತ ಹೆಚ್ಚು ಅಂದೇ ಇಳಿದುಹೋಗಿರಬೇಕು. ಉಳಿದದ್ದು ಹೊದಿಕೆಯಿಲ್ಲದೆ ಫೆಬ್ರವರಿಯಿಂದ ಕುದ್ದು ಕುದ್ದು ಗಾಳಿಯಾಡಲು ಬಿಟ್ಟಿರುವ ಏರ್‌ವೆಂಟ್ ಪೈಪಿನಲ್ಲಿ ಆವಿಯಾಗಿ ಹೋಗಿರಬೇಕು. ಮತ್ತೆ ತುಂಬಲು ಮೇಲೆ ನೀರಿಲ್ಲ. ಅಂದರೆ ಈ ಹೊತ್ತಿನಲ್ಲಿ, ನಡುಮಧ್ಯಾಹ್ನದ ಬಿಸಿಲಲ್ಲಿ, ಆ ಟ್ಯೂಬುಗಳೆಲ್ಲ ಒಣಗಿ ಕಾದು ನಿಂತಿದ್ದವು. ಕೆಳಗೆ ಮೋಟಾರ್ ಓಡುತ್ತಿತ್ತು.

ಇನ್ನೊಂದು ವಿಷಯ ನನಗೆ ಗೊತ್ತಿತ್ತು. ಆ ಸೋಲಾರಿನ ಕಾಲು ಇರುವುದು ತಾರಸಿಯ ಹಿಂಭಾಗದ ಅಂಚಿನಲ್ಲಿ. ಅದರ ಕೆಳಗೇ ಹಿತ್ತಲ ಜಗಲಿ. ಆ ಮನೆಯಲ್ಲಿ ಗಾಳಿ ಬರುವ ಜಾಗ ಅದೊಂದೇ. ಮೂರು ತಿಂಗಳು ಮುಚ್ಚಿದ ಮನೆಗೆ ಬಾಣಂತಿ ಬಂದರೆ ಅವಳನ್ನು ಕೂರಿಸುವುದು ಅಲ್ಲೇ.

ಶಾಂತಮ್ಮನವರಿಗೆ "ಆಮ್ಯಾಕೆ ಮಾಡ್ತೀನಿ" ಎಂದು ಫೋನ್ ಇಟ್ಟು ಅಕ್ಕನವರ ನಂಬರಿಗೆ ಮಾಡಿದೆ. ಹಿಂದೊಮ್ಮೆ ಅವರ ಮನೆಯ ಗೀಸರನ್ನೂ ನೋಡಿದ್ದರಿಂದ ನಂಬರ್ ಇತ್ತು. ಅವರಿಗೆ ನನ್ನ ನೆನಪು ಇರಲಿಲ್ಲ.

"ಯಾವ ರಂಗಸ್ವಾಮಿ?"

"ಗೀಜ್ರು ರಂಗಸ್ವಾಮಿ ಕಣಮ್ಮ. ಮೋಟ್ರು ಆಫ್ ಮಾಡಿ ಮೊದ್ಲು."

"ಆಫ್ ಯಾಕೆ? ಶಾಂತ ಈಗ ತಾನೆ ಹಾಕಿ ಅಂದ್ಲು. ಇವಳು ಹಾಕು ಅನ್ನೋದು, ನೀನು ತೆಗಿ ಅನ್ನೋದು. ನಿಮ್ಮಿಬ್ಬರಲ್ಲಿ ಮೊದಲು ತೀರ್ಮಾನ ಮಾಡ್ಕೊಳ್ಳಿ. ನಂಗೆ ಇಲ್ಲಿ ಕಸ ಗುಡಿಸೋದಿದೆ."

"ಅಮ್ಮಾರೆ, ಗಾಜು ಸಿಡೀತದೆ! ಕೂಸು ಎಲ್ಲೈತೆ?"

ನಾನು ಕೂಗಿದ್ದು ಕೇಳಿ ಮಂಜ ಪೈಪ್ ಬಿಟ್ಟು ಎದ್ದು ಬಂದ. ಆ ಕಡೆಯಿಂದ ಅಕ್ಕನವರು ಏನೋ ಹೇಳಲು ಶುರುಮಾಡಿದರು. ಅಷ್ಟರಲ್ಲಿ ಫೋನಿನಲ್ಲಿ ಪಟಾಕಿ ಹೊಡೆದ ಹಾಗೆ ಒಂದು ಶಬ್ದ, ಅದರ ಹಿಂದೆಯೇ ಗಾಜು ಚೂರುಚೂರಾಗಿ ಬೀಳುವ ಸದ್ದು ಕೇಳಿಸಿತು.

"ಅಮ್ಮಾರೆ? ಅಮ್ಮಾರೆ?"

"ರಂಗಸ್ವಾಮಿ..." ಅಕ್ಕನವರ ದನಿ ಬದಲಾಗಿತ್ತು. "ಹಿತ್ತಲಲ್ಲಿ ಏನೋ ಸಿಡೀತು. ಮಂಚದ ಮೇಲೆಲ್ಲ ಗಾಜು. ಹೊಗೆ ಏಳ್ತಿದೆ. ಈಗ ತಾನೆ ಮಗುಗೆ ಅಂತ ಬಟ್ಟೆ ಹಾಸಿ ಒಳಗೆ ಬಂದೆ."

"ಕೂಸು?"

"ಇಲ್ಲ, ಇಲ್ಲ. ಈಗ ಕಾರು ಬಂತು, ಬಾಗಿಲಲ್ಲಿ ಇಳೀತಿದಾರೆ."

ಆಗ ನನಗೆ ಉಸಿರು ಬಂತು. ಇನ್ನು ಮುಂದಿನದು ನನ್ನ ಕೆಲಸ, ಅದು ನನಗೆ ಗೊತ್ತಿದ್ದ ಕೆಲಸ. ಒಂದೊಂದಾಗಿ ಹೇಳಿದೆ. ಮೋಟಾರ್ ಆಫ್ ಮಾಡಿ. ಹಿತ್ತಲ ಬಾಗಿಲು ಹಾಕಿ ಅಗುಳಿ ಹಾಕಿ. ತಾಯಿ ಮಗು ಮುಂದಿನ ಕೋಣೆಯಲ್ಲೇ ಇರಲಿ. ಯಾರೂ ತಾರಸಿಗೆ ಹೋಗಬೇಡಿ. ಅವರು ಮಾಡುತ್ತಾ ಹೋದರು, ಮಾಡಿದ್ದನ್ನು ಹೇಳುತ್ತಾ ಹೋದರು.

ಮೋಟಾರ್ ನಿಲ್ಲಿಸಿದರೆ ಸಾಲದು. ಅಷ್ಟು ಹೊತ್ತಿಗೆ ಮೇಲಿನ ಟ್ಯಾಂಕಿಗೆ ಏರಿದ್ದ ನೀರು ತಾನಾಗಿಯೇ ಸೋಲಾರಿಗೆ ಇಳಿಯುತ್ತಾ ಇರುತ್ತದೆ. ಉಳಿದ ಟ್ಯೂಬುಗಳು ಒಂದೊಂದಾಗಿ ಹೋಗುತ್ತವೆ. ಅದನ್ನು ತಡೆಯುವ ವಾಲ್ವ್ ಇರುವುದು ತಾರಸಿಯ ಮೇಲೆ, ಆ ಟ್ಯೂಬುಗಳ ಪಕ್ಕದಲ್ಲೇ. ಅಲ್ಲಿಗೆ ಯಾರನ್ನೂ ಕಳಿಸುವ ಹಾಗಿರಲಿಲ್ಲ. ಉಳಿದ ದಾರಿ ಒಂದೇ, ಆ ನೀರು ಸೋಲಾರಿಗೆ ಹೋಗುವ ಮುಂಚೆ ಬೇರೆ ಕಡೆ ಹೋಗಬೇಕು.

"ಅಮ್ಮಾರೆ, ಮನೇಲಿರೋ ತಣ್ಣೀರ್ ನಲ್ಲಿ ಎಲ್ಲಾನೂ ಪೂರ್ತಿ ಬಿಚ್ಬುಡಿ. ಅಡ್ಗೆ ಮನೆ, ಬಚ್ಲು, ಕಕ್ಕಸ್ಸು, ಎಲ್ಲಾದ್ನೂ. ಕೆಂಪು ಗುರ್ತು ಇರೋ ನಲ್ಲಿ ಮಾತ್ರ ಮುಟ್ಬ್ಯಾಡಿ, ಆವಿ ಮಕಕ್ಕೆ ಒಡೀತದೆ."

"ಅಷ್ಟೂ ನೀರು ದಂಡ ಆಗುತ್ತಲ್ಲೋ?"

"ಆಗ್ಲಿ ಬುಡಿ. ಓಗ್ಲಿ ಮೋರಿಗೆ."

ಅವರು ಬಿಚ್ಚಿದರು. ನಾನು ಟೂಲ್ ಬ್ಯಾಗ್ ಹೆಗಲಿಗೆ ಹಾಕಿದೆ. ಮಂಜ ಬೈಕಿನ ಕೀ ಕೊಡುತ್ತಾ, "ಓಗಲಾ ಓಗು, ಇಲ್ಲಿ ನಾನ್ ನೋಡ್ಕತೀನಿ. ನಮ್ಮನೆ ಗೀಜ್ರು ಕೆಟ್ಟು ತಿಂಗ್ಳಾಯ್ತು, ಅದ್ಕೆ ಒಂದಿನಾನೂ ಇಂಗೆ ಓಡ್ಲಿಲ್ಲ ಕಣ್ಲಾ ನೀನು" ಅಂದ. ನಾನು ಮೆಟ್ಟಿಲಿಳಿದು ಬೈಕ್ ಹತ್ತಿದೆ.

ಚನ್ನರಾಯಪಟ್ಟಣದಿಂದ ಹೊಳೆನರಸೀಪುರಕ್ಕೆ ಆ ಬಿಸಿಲಲ್ಲಿ ಬೈಕ್ ಓಡಿಸುವಾಗ ತಲೆಯೊಳಗೆ ಮುಂದಿನ ಕೆಲಸವನ್ನೇ ಜೋಡಿಸುತ್ತಿದ್ದೆ. ಮೊದಲು ಏನು, ಆಮೇಲೆ ಏನು. ಹೀಗೆ ಜೋಡಿಸಿಕೊಂಡರೆ ನನಗೆ ಭಯ ಆಗುವುದಿಲ್ಲ.

ಮನೆ ಮುಟ್ಟಿದಾಗ ಒಳಗಿನ ನಲ್ಲಿಗಳ ಸದ್ದು ನಿಂತಿತ್ತು, ಟ್ಯಾಂಕಿನ ನೀರು ಬರಿದಾಗಿತ್ತು. ಮುಂದಿನ ಕೋಣೆಯಲ್ಲಿ ರಶ್ಮಿ ಕಿವಿಗೆ ಬಟ್ಟೆ ಕಟ್ಟಿಕೊಂಡು ಗೋಡೆಗೆ ಒರಗಿದ್ದಳು, ಮಗು ಮಡಿಲಲ್ಲಿ ನಿದ್ದೆ ಮಾಡುತ್ತಿತ್ತು. ಒಂದೇ ಒಂದು ಟ್ಯೂಬ್ ಹೋಗಿದೆ ಅನ್ನುವುದು ಫೋನಿನಲ್ಲಿ ಕೇಳಿದ ಸದ್ದಿನಿಂದ ಗೊತ್ತಾಗಿತ್ತು. ಆಮೇಲೆ ಬೇರೆ ಸದ್ದು ಕೇಳಿಸಲಿಲ್ಲ ಎಂದು ಅಕ್ಕನವರೂ ಹೇಳಿದರು. ಅಳಿಯ ಏಣಿ ಹಿಡಿದು, "ನಾನೂ ಬರ್ತೀನಿ" ಅಂದರು.

"ಬ್ಯಾಡಿ ಸಾ. ನೀವು ಮಗಳ ಪಕ್ಕ ಕೂತ್ಕಳಿ. ನನಗೆ ಒಂದು ಜಮಖಾನ ಕೊಡಿ ಸಾಕು, ಬಣ್ಣದ್ದು."

ಕೈಗವಸು, ಕನ್ನಡಕ ಹಾಕಿಕೊಂಡು ಮೇಲೆ ಹೋದೆ. ಟ್ಯೂಬುಗಳಿಂದ ಒಲೆ ಬಾಯಿಯ ಹಾಗೆ ಝಳ ಹೊಡೆಯುತ್ತಿತ್ತು. ನೀರು ಒಳಗೆ ಸೇರುವ ಕಡೆಯ ಮೊದಲನೆಯ ಟ್ಯೂಬ್ ಸೀಳಿ ಹೋಗಿತ್ತು, ಅದರ ಚೂರುಗಳು ಜಾರಿ ಅಂಚಿನಿಂದ ಕೆಳಗೆ ಬಿದ್ದಿದ್ದವು. ತಲೆ ಬಗ್ಗಿಸಿ ನೋಡಿದೆ. ಕೆಳಗೆ ಜಗಲಿಯ ಮಂಚದ ಮೇಲೆ ಹಾಸಿದ್ದ ಹಳದಿ ಸೀರೆಯ ತುಂಬ ಗಾಜು ಮಿರಮಿರ ಮಿಂಚುತ್ತಿತ್ತು. ಹೆಚ್ಚು ಹೊತ್ತು ಅದನ್ನು ನೋಡಲಿಲ್ಲ.

ಬಿಸಿಲಿನ ಕಡೆ ನಿಂತು ಜಮಖಾನವನ್ನು ಟ್ಯೂಬುಗಳ ಮೇಲೆ ಎಳೆದೆ. ಆಮೇಲೆ ವಾಲ್ವ್. ಮೂರು ತಿಂಗಳು ತಿರುಗದ ವಾಲ್ವ್, ಗಡಸು ನೀರಿನ ಸುಣ್ಣ ಹಿಡಿದು ಕಚ್ಚಿಕೊಂಡಿತ್ತು. ಕೈಯಲ್ಲಿ ತಿರುಗಲಿಲ್ಲ. ಬಲವಾಗಿ ತಿರುಗಿಸಿದರೆ ಹಿಡಿ ಮುರಿಯುತ್ತದೆ, ಮುರಿದರೆ ಮನೆಗೆ ನೀರೇ ತುಂಬಿಸುವ ಹಾಗಿಲ್ಲ, ಬಾಣಂತಿಗೆ ಸ್ನಾನವೂ ಇಲ್ಲ. ಪೈಪ್ ರೆಂಚಿನಿಂದ ಸ್ವಲ್ಪ ಆ ಕಡೆ, ಸ್ವಲ್ಪ ಈ ಕಡೆ ಅಲ್ಲಾಡಿಸುತ್ತಾ ಹೋದೆ. ಮುಚ್ಚುವ ಕಡೆಗಿಂತ ತೆರೆಯುವ ಕಡೆಗೇ ಮೊದಲು ತಿರುಗಿಸಬೇಕು, ಆಗ ಸುಣ್ಣ ಪುಡಿಯಾಗುತ್ತದೆ. ಇದನ್ನು ಹಾಸನದಲ್ಲಿ ನನ್ನ ಜೊತೆ ಇದ್ದ ಹಳೇ ಫಿಟ್ಟರ್ ಕಲಿಸಿಕೊಟ್ಟಿದ್ದ. ಕೊನೆಗೆ ಬಿಸಿಲು ಇಳಿಯುವ ಹೊತ್ತಿಗೆ ಕಿರ್ರ್ ಎಂದು ಬಿಟ್ಟಿತು. ಪೂರ್ತಿ ಮುಚ್ಚಿದೆ. ಸೋಲಾರ್ ಮನೆಯಿಂದ ಬೇರೆಯಾಯಿತು. ಟ್ಯೂಬುಗಳು ರಾತ್ರಿಯೆಲ್ಲ ಆರಲಿ, ಬೆಳಿಗ್ಗೆ ಬಿಸಿಲು ಬರುವ ಮುಂಚೆ ಒಡೆದದ್ದನ್ನು ಬದಲಾಯಿಸಿ ತುಂಬಿಸಿದರಾಯಿತು.

ಕೆಳಗೆ ಬಂದು ಮೋಟಾರ್ ಹಾಕಿಸಿದೆ. ಅಳಿಯ ಮತ್ತು ಅಕ್ಕನವರು ಹಿತ್ತಲ ಗಾಜು ಗುಡಿಸುವಾಗ ನಾನು ಬಚ್ಚಲಿನಲ್ಲಿ ಗೀಸರ್ ಮುಂದೆ ನಿಂತೆ. ಒಳಗೆ ನೀರು ಹೋಗುವ ವಾಲ್ವ್ ತೆರೆದೆ, ಅದರ ನಲ್ಲಿ ತೆರೆದೆ. ನಲ್ಲಿ ಬುಸ್ ಬುಸ್ ಎಂದು ಗಾಳಿ ಬಿಟ್ಟು, ಎರಡು ಸಲ ಕೆಂಪು ನೀರು ಉಗಿದು, ನಿಂತುಹೋಯಿತು.

ಅಕ್ಕನವರು ಬಾಗಿಲಿಗೆ ಬಂದರು. ಸೀಗೆಪುಡಿ, ಅರಿಶಿನ ಎಲ್ಲ ತಟ್ಟೆಯಲ್ಲಿ ಜೋಡಿಸಿಕೊಂಡಿದ್ದರು. "ಸ್ವಿಚ್ ಹಾಕಪ್ಪ. ಕಾಯೋಕೆ ಹೊತ್ತು ಬೇಕಲ್ಲ."

"ಇನ್ನಾ ತುಂಬಿಲ್ಲ ಅಮ್ಮಾರೆ."

"ಮೇಲೆ ಟ್ಯಾಂಕ್ ತುಂಬಿ ಹೊರಗೆ ಸುರೀತಿದೆ, ಇದು ತುಂಬಿಲ್ಲ ಅಂತೀಯ. ಹೊರಗೆ ಕತ್ತಲಾಗ್ತಾ ಬಂತು. ಬಾಣಂತಿ ಮೈ ತಣ್ಣಗಾದ್ರೆ ನೀನು ಬಂದು ಕಷಾಯ ಕಾಯಿಸ್ತೀಯ?"

"ಕಾಯ್ಸ್ತೀನಿ. ಸ್ವಿಚ್ಚು ಮಾತ್ರ ಆಕಾಕಿಲ್ಲ."

ನೀರು ಒಳಗೆ ಹೋಗುವ ಕಡೆ ಒಂದು ಪುಟ್ಟ ಜಾಲರಿ ಇರುತ್ತದೆ. ಅದನ್ನು ಬಿಚ್ಚಿದೆ. ಸುಣ್ಣದ ಚಕ್ಕೆ ತುಂಬಿಕೊಂಡು ಜಾಲರಿ ಕಲ್ಲಿನ ಬಿಲ್ಲೆಯ ಹಾಗಾಗಿತ್ತು. ಸ್ವಿಚ್ ಹಾಕಿದ್ದರೆ ಖಾಲಿ ಟ್ಯಾಂಕಿನಲ್ಲಿ ಕಾಯಿಲ್ ಕೆಂಡವಾಗುತ್ತಿತ್ತು. ಜಾಲರಿ ತೊಳೆದು ಹಾಕಿದೆ. ಈ ಸಲ ನಲ್ಲಿ ಎರಡು ಸಲ ಕೆಮ್ಮಿ, ಆಮೇಲೆ ಬೆರಳು ಗಾತ್ರದ ಧಾರೆ ಕೊಟ್ಟಿತು. ಕೆಂಪು ನೀರೆಲ್ಲ ಹೋಗಿ ತಿಳಿಯಾಗುವ ತನಕ ಬಿಟ್ಟೆ. ಅಂಗೈಯಲ್ಲಿ ಹಿಡಿದು ಮೂಸಿ ನೋಡಿದೆ, ವಾಸನೆ ಇರಲಿಲ್ಲ. ಸೇಫ್ಟಿ ವಾಲ್ವಿನ ಹಿಡಿ ಎತ್ತಿ, ಅಲ್ಲೂ ನೀರು ಬರುತ್ತದೆ ಎಂದು ಖಾತರಿ ಮಾಡಿಕೊಂಡೆ. ಆಮೇಲೆ ಎಂಸಿಬಿ ಎತ್ತಿದೆ. ಕೆಂಪು ದೀಪ ಹತ್ತಿತು.

ಅಕ್ಕನವರು ದೀಪವನ್ನೇ ನೋಡುತ್ತಾ, "ಅಂತೂ ಹತ್ತಿಸಿದೆಯಲ್ಲ ಮಹಾರಾಯ" ಅಂದರು.

ನೀರು ಕಾದು ದೀಪ ಆರಿದ ಮೇಲೆ ಬಕೆಟ್ಟಿಗೆ ನೀರು ಬೆರೆಸುವುದನ್ನು ನಾನೇ ನಿಂತು ತೋರಿಸಿದೆ. ಮಗುವಿನ ನೀರಿಗೆ ತಣ್ಣೀರು ಮೊದಲು, ಬಿಸಿನೀರು ಆಮೇಲೆ. ಅಕ್ಕನವರು ಮೊಣಕೈ ಅದ್ದಿ ನೋಡಿ, "ಇದು ನಿನಗಿಂತ ಮುಂಚೆಯಿಂದ ನನಗೆ ಗೊತ್ತು, ಹೊರಗೆ ಹೋಗು" ಎಂದು ಬಾಗಿಲು ಹಾಕಿಕೊಂಡರು.

ನಾನು ನಡುಮನೆಯಲ್ಲಿ ಕೂತೆ. ಹೊರಡಬಹುದಿತ್ತು, ಆದರೆ ಹೊರಡಲಿಲ್ಲ. ಮೊದಲ ಸಲ ಬಿಸಿಯಾದ ಗೀಸರ್ ಯಾವುದಾದರೂ ಜಾಯಿಂಟಿನಲ್ಲಿ ಸೋರಿದರೆ ಒಳಗಿರುವುದು ಬಾಣಂತಿ ಮತ್ತು ಕೂಸು. ಅಷ್ಟರಲ್ಲಿ ಶಾಂತಮ್ಮನವರ ಫೋನು ಬಂತು. ಅಕ್ಕನವರ ಫೋನಿಗೆ ಮಾಡಿದರೆ ಯಾರೂ ಎತ್ತುತ್ತಿಲ್ಲ, ಅದಕ್ಕೆ ನನಗೆ ಮಾಡಿದ್ದರು. ಗಾಜು ಸಿಡಿದದ್ದು ಅಳಿಯನಿಂದ ತಿಳಿದಿತ್ತು.

"ರಂಗಸ್ವಾಮಿ, ನಿಜ ಹೇಳು. ಮಗುಗೆ ಏನೂ ಆಗಿಲ್ಲ ತಾನೆ? ನನಗೆ ಬೇಜಾರಾಗುತ್ತೆ ಅಂತ ಮುಚ್ಚಿಡ್ತಿದೀರ ಎಲ್ಲರೂ."

"ಏನೂ ಆಗಿಲ್ಲ ಅಮ್ಮಾರೆ. ಈಗ ಎರೀತಾವ್ರೆ."

"ನೀನು ಹೇಳಿದ್ರೆ ಹೇಗೆ ನಂಬಲಿ?"

ಅವರು ಗುಡಿಯ ಮನೆಯಲ್ಲಿ ಮಡಿಯಲ್ಲಿದ್ದರು. ಬರುವ ಹಾಗಿರಲಿಲ್ಲ, ನೋಡುವ ಹಾಗಿರಲಿಲ್ಲ. ನಾನು ಎದ್ದು ಹೋಗಿ ಫೋನನ್ನು ಬಚ್ಚಲ ಬಾಗಿಲಿನ ಸಂದಿಗೆ ಹಿಡಿದೆ. ಒಳಗೆ ತಂಬಿಗೆಯ ಸದ್ದು, ಅಕ್ಕನವರು ಏನೋ ಗುನುಗುವ ಸದ್ದು.

"ಏನೂ ಕೇಳಿಸ್ತಿಲ್ಲವಲ್ಲೋ" ಅಂದರು ಶಾಂತಮ್ಮನವರು.

"ಒಸಿ ತಡೀರಿ."

ಅಕ್ಕನವರು ಕಾಲು ಚಾಚಿ ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡಿರಬೇಕು. ಮೊದಲ ನೀರು ಬಿದ್ದದ್ದೇ ತಡ, ಮಗು ಕಿರುಚಿತು. ಎಂಥ ಗಂಟಲು! ನಡುಮನೆಯಲ್ಲಿದ್ದ ಅಳಿಯ ಎದ್ದು ನಿಂತರು. ಅಕ್ಕನವರು ಒಳಗಿನಿಂದ, "ಅಳು ಅಳು, ನಿಮ್ಮಜ್ಜಿಗೆ ಅಲ್ಲಿಗೇ ಕೇಳಲಿ" ಅಂದರು. ನಾನು ಫೋನ್ ಹಿಡಿದಿರುವುದು ಅವರಿಗೆ ಗೊತ್ತಿರಲಿಲ್ಲ. ಮಗು ಅಳುತ್ತಲೇ ಇತ್ತು, ಆಮೇಲೆ ಬಿಸಿನೀರಿನ ಹಿತಕ್ಕೆ ಇರಬೇಕು, ಮೆಲ್ಲಮೆಲ್ಲಗೆ ಬಿಕ್ಕಿ ಸುಮ್ಮನಾಯಿತು.

ಕೊನೆಗೆ ಶಾಂತಮ್ಮನವರು ಮೂಗು ಏರಿಸಿಕೊಂಡು, "ಆರತಿ ಹೊತ್ತಾಯ್ತು, ಯಜಮಾನ್ರು ಕೂಗ್ತಿದಾರೆ. ಇಡ್ತೀನಿ" ಅಂದರು. ಇಡಲಿಲ್ಲ. "ಅಕ್ಕ ಬುತ್ತಿ ತಂದಿದಾರೆ, ಊಟ ಮಾಡ್ಕೊಂಡೇ ಹೋಗು" ಎಂದು ಆಮೇಲೆ ಇಟ್ಟರು.

ಮರುದಿನ ಬೆಳಿಗ್ಗೆ ಸೂರ್ಯ ಹುಟ್ಟುವ ಮುಂಚೆ ಹೋಗಿ ಟ್ಯೂಬ್ ಬದಲಾಯಿಸಿ ಸೋಲಾರ್ ತುಂಬಿಸಿದೆ. ಉಳಿದ ಟ್ಯೂಬುಗಳೆಲ್ಲ ಚೆನ್ನಾಗಿದ್ದವು. ಆ ಮಗು ಈಗ ಮನೆ ತುಂಬ ಓಡಾಡುತ್ತದೆ.

ಈ ಕೆಲಸದಲ್ಲಿ ನಾನು ಕಲಿತದ್ದು ಬಹಳ ಇದೆ. ಯಾವ ವಾಲ್ವ್ ಯಾವ ಕಡೆ ತಿರುಗುತ್ತದೆ, ಯಾವ ನೀರಿಗೆ ಎಷ್ಟು ವರ್ಷ ಕಾಯಿಲ್ ಬರುತ್ತದೆ, ಅದನ್ನೆಲ್ಲ ಯಾರು ಬೇಕಾದರೂ ಕಲಿಯಬಹುದು. ಆ ದಿನ ಕಲಿತದ್ದು ಬೇರೆ. ಬೀಗ ಹಾಕುವ ಮುಂಚೆ ನಾನು ಎಲ್ಲವನ್ನೂ ಹೇಳಿದ್ದು ಬಾಗಿಲು ಹಾಕುವವರಿಗೆ. ಬಾಗಿಲು ತೆಗೆದವರು ಆ ಮಾತು ಕೇಳಿಯೇ ಇರಲಿಲ್ಲ. ಮನೆ ಮುಚ್ಚುವ ದಿನ ಅವಸರ ಇರುವುದಿಲ್ಲ, ಎಲ್ಲರೂ ತಾಳ್ಮೆಯಿಂದ ಕೇಳುತ್ತಾರೆ. ಮುಚ್ಚಿದ ಮನೆಯನ್ನು ಮಧ್ಯದಲ್ಲಿ ತೆಗೆಯಬೇಕಾಗಿ ಬರುವುದು ಯಾವಾಗಲೂ ಅವಸರಕ್ಕೆ, ತೆಗೆಯುವುದೂ ಹೆಚ್ಚಾಗಿ ಇನ್ನೊಬ್ಬರು.

ಈಗ ಸರದಿಗೋ, ಯಾತ್ರೆಗೋ, ಬೆಳೆ ನೋಡಿಕೊಳ್ಳಲೋ ಬೀಗ ಹಾಕಿ ಹೋಗುವವರು ಕರೆದರೆ ನಾನು ಗೀಸರ್ ಎಷ್ಟು ಲೀಟರ್ ಎಂದು ಮೊದಲು ಕೇಳುವುದಿಲ್ಲ. ನೀವು ಇಲ್ಲದಾಗ ಈ ಬಾಗಿಲು ಯಾರು ತೆಗೆಯಬಹುದು ಎಂದು ಕೇಳುತ್ತೇನೆ. ಅವರನ್ನು ಕರೆಸಿ, ಇಲ್ಲವೇ ಫೋನಿನಲ್ಲಿ ಹಿಡಿದು, ಅವರಿಗೇ ಹೇಳುತ್ತೇನೆ. ಕೆಲವರು ನಗುತ್ತಾರೆ, "ನಮ್ಮ ಮನೆ ನಾವೇ ತೆಗೀತೀವಿ, ಇನ್ಯಾರು ಬತ್ತಾರೆ?" ಅಂತ. ನಾನೂ ನಗುತ್ತೇನೆ. ಆದರೆ ಇನ್ನೊಬ್ಬರ ಹೆಸರು ಹೇಳುವ ತನಕ ಸ್ಪ್ಯಾನರ್ ಮುಟ್ಟುವುದಿಲ್ಲ.